ಕಿರಿಮಗಳ ಊರು

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಸಮಾಜ ಪಾಠದಲ್ಲಿ ‘ಜೀವನಮಟ್ಟ’ ಎಂಬ ಮಾತೊಂದು ಬರುತ್ತಿತ್ತು. ಹೆಂಚಿನ ಮನೆ, ಸೈಕಲ್ಲು, ರೇಡಿಯೋ, ಎರಡು ಹೊತ್ತಿನ ಊಟ ಇವನ್ನು ಹೆಸರಿಸಿದರೆ ಎರಡು ಅಂಕ. ಮುಂದೆ ಅದೇ ಪಾಠವನ್ನು ನಾನು ಮಾಡುವ ಹೊತ್ತಿಗೆ ರೇಡಿಯೋ ಹೋಗಿ ಟೀವಿ ಬಂದಿತ್ತು, ಅಂಕ ಮಾತ್ರ ಎರಡೇ. ಈಗ ಆ ಮಾತನ್ನು ಆಡುವವರು ಕಡಿಮೆ. ಅದರ ಜಾಗಕ್ಕೆ ‘ಬದುಕಿನ ಗುಣಮಟ್ಟ’ ಬಂದಿದೆ. ಮಟ್ಟದ ಜೊತೆಗೆ ಗುಣವೂ ಸೇರಿಕೊಂಡದ್ದು ಸಂತೋಷವೇ. ಆದರೆ ಸೈಕಲ್ಲನ್ನು ಎಣಿಸಬಹುದಿತ್ತು. ಗುಣ ಹಾಗಲ್ಲ, ನೋಡುವವರು ಯಾರು, ಎಲ್ಲಿ ನಿಂತು ನೋಡುತ್ತಾರೆ ಎಂಬುದರ ಮೇಲೆ ಅದು ಬದಲಾಗುತ್ತದೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಮ್ಮ ಮನೆಯವರಿಗೆ ನಿವೃತ್ತಿಗೆ ಇನ್ನೆರಡು ವರ್ಷ. ವಿಜಯನಗರದ ಮನೆ ಮಾರಿ ಚಿಕ್ಕಮಗಳೂರಿನ ಹೊರವಲಯದಲ್ಲಿ, ಬೆಟ್ಟ ಕಾಣುವ ಹಾಗೆ, ಒಂದು ನಿವೇಶನ ಕೊಂಡು ಮನೆ ಕಟ್ಟಿಸೋಣ ಎಂಬ ಹುಳ ಅವರ ತಲೆಗೆ ಹೊಕ್ಕು ಆರು ತಿಂಗಳಾಯಿತು. ಭಾನುವಾರದ ಪುರವಣಿಗಳಲ್ಲಿ ಬಂದ ಲೇಖನಗಳನ್ನು ಕತ್ತರಿಸಿ ಒಂದು ಫೈಲಿನಲ್ಲಿಟ್ಟಿದ್ದಾರೆ. ನಾನೂ ಅದನ್ನೆಲ್ಲ ಓದಿದೆ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಕೈ ನೋಡಿ, ಕೆಂಪು ಪೆನ್ನು ಹಿಡಿದೇ ಓದಿದೆ ಎಂದರೂ ಸುಳ್ಳಲ್ಲ.

ಬೆಟ್ಟದ ತಪ್ಪಲಿನ ಸಣ್ಣ ಊರುಗಳನ್ನು ಹೊಗಳುವ ಈ ಲೇಖನಗಳಲ್ಲಿ ಮೂರು ಚಿತ್ರಗಳು ತಪ್ಪುವುದಿಲ್ಲ. ಒಂದು ಮಂಜು, ಒಂದು ಹೊಗೆಯಾಡುವ ಕಾಫಿ ಲೋಟ, ಒಂದು ಖಾಲಿ ರಸ್ತೆ. ಆ ಖಾಲಿ ರಸ್ತೆ ಅವರಿಗೆ ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ಕಾಫಿ ಲೋಟವನ್ನು ತೊಳೆದವರು ಯಾರು ಎಂಬುದು ಯಾವ ಚಿತ್ರದಲ್ಲೂ ಇಲ್ಲ. ಬರೆಯುವವರು ಅಲ್ಲಿ ಎರಡು ರಾತ್ರಿ ಉಳಿದಿರುತ್ತಾರೆ. ಹಾಸಿಗೆ ಹಾಸಿಕೊಟ್ಟವರಿದ್ದಾರೆ, ಅಕ್ಕಿರೊಟ್ಟಿ ಬಡಿಸಿದವರಿದ್ದಾರೆ. ಎರಡು ದಿನ ಅಡುಗೆಮನೆಗೆ ಕಾಲಿಡದಿದ್ದರೆ ನನಗೆ ಪೀಣ್ಯದಲ್ಲೂ ಬದುಕಿನ ಗುಣಮಟ್ಟ ಚೆನ್ನಾಗಿಯೇ ಕಂಡೀತು.

ಸಿನಿಮಾದವರೂ ಇದಕ್ಕೆ ತಮ್ಮ ಪಾಲು ಸೇರಿಸಿದ್ದಾರೆ. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದ ಮೇಲೆ ನಮ್ಮ ಶಾಲೆಯ ಹುಡುಗಿಯರಿಗೆ ಮಡಿಕೇರಿ, ಸಕಲೇಶಪುರ ಎಂದರೆ ನೆನೆಯುವುದಕ್ಕೆಂದೇ ಇರುವ ಊರುಗಳು ಎನ್ನುವ ಹಾಗಾಯಿತು. ನಾಯಕಿ ನೆನೆದ ಸೀರೆಯನ್ನು ಒಣಗಿಸುವ ದೃಶ್ಯವನ್ನು ಮಾತ್ರ ಯಾವ ನಿರ್ದೇಶಕರೂ ತೆಗೆಯುವುದಿಲ್ಲ.

ನನಗೆ ಆ ದೃಶ್ಯ ಗೊತ್ತು. ನಮ್ಮಕ್ಕ 1989ರಲ್ಲಿ ಮದುವೆಯಾಗಿ ಚಿಕ್ಕಮಗಳೂರಿಗೆ ಹೋದಳು. ಆಗ ಊರಿಗೆ ರೈಲಿರಲಿಲ್ಲ, ಕಡೂರಿನಲ್ಲಿಳಿದು ಇನ್ನೂ ನಲವತ್ತು ಕಿಲೋಮೀಟರು ಬಸ್ಸಿನಲ್ಲಿ ಹೋಗಬೇಕು. ಕಡೂರು-ಚಿಕ್ಕಮಗಳೂರು ರೈಲು ಓಡಿದ್ದು 2013ರ ನವೆಂಬರಿನಲ್ಲಿ. ಅಕ್ಕ ಮದುವೆಯಾಗಿ ಬಂದ ಇಪ್ಪತ್ತನಾಲ್ಕು ವರ್ಷಕ್ಕೆ ರೈಲು ಬಂತು ಎಂದು ಭಾವ ಆಗ ನಗುತ್ತಿದ್ದರು. ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಅಲ್ಲಿ ಜಡಿಮಳೆ. ಶೃಂಗೇರಿ, ಮೂಡಿಗೆರೆಯ ಕಡೆಯಷ್ಟು ಜೋರಿಲ್ಲ ನಿಜ. ಊರು ನಿಂತಿರುವುದು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿ. ಆದರೆ ಬಿಡದೆ ಜಿನುಗುತ್ತದೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ, ಒಗೆದ ಬಟ್ಟೆಯನ್ನು ಮಗ್ಗುಲು ಬದಲಾಯಿಸುತ್ತಾ ಒಣಗಿಸಬೇಕು. ಶಾಲೆಯ ಸಮವಸ್ತ್ರ ಹೊಗೆಯ ವಾಸನೆ ಹೊಡೆಯುತ್ತದೆ. ಬೀರುವಿನಲ್ಲಿಟ್ಟ ಚಪ್ಪಲಿಗೆ ಬೂಸ್ಟು, ಡಬ್ಬದಲ್ಲಿಟ್ಟ ಉಪ್ಪು ನೀರು. ಅಕ್ಕ ಬಂದ ಮೊದಲ ಮಳೆಗಾಲದಲ್ಲಿ ಅಮ್ಮನಿಗೆ ಬರೆದ ಕಾಗದದಲ್ಲಿ ಮಂಜಿನ ಮಾತೇ ಇರಲಿಲ್ಲ. ಎರಡು ಪುಟ ತುಂಬ ಒಣಗದ ಬಟ್ಟೆಯ ದೂರು. ಎಳೆ ಕೂಸು ಹುಟ್ಟಿದ ವರ್ಷವಂತೂ ಕೇಳಬೇಡಿ.

ಇಷ್ಟಾದರೂ ಅಕ್ಕ ಆ ಊರನ್ನು ಬಿಟ್ಟುಕೊಡುವವಳಲ್ಲ. ಅವಳು ಹೊಗಳುವುದು ಪುರವಣಿಯವರು ಹೊಗಳದ ಸಂಗತಿಗಳನ್ನು. ಮನೆಯಿಂದ ಹೊರಟರೆ ಹದಿನೈದು ನಿಮಿಷದ ನಡಿಗೆಯಲ್ಲಿ ತರಕಾರಿ ಮಾರುಕಟ್ಟೆ, ಬ್ಯಾಂಕು, ಅಂಚೆ ಕಚೇರಿ, ದೇವಸ್ಥಾನ, ರವಿಕೆ ಹೊಲಿಯುವವಳು. ಎಂ.ಜಿ. ರಸ್ತೆಯಲ್ಲಿ ಎರಡು ಕೆಲಸ ಮುಗಿಸಿ, ಗೊತ್ತಿದ್ದವರ ಮನೆಯಲ್ಲಿ ಹತ್ತು ನಿಮಿಷ ಕೂತು, ಕುಕ್ಕರ್ ಇಡುವ ಹೊತ್ತಿಗೆ ವಾಪಸ್ಸು ಬರುತ್ತಾಳೆ. ಬೇಸಿಗೆಯಲ್ಲಿ ಸಂಜೆ ರತ್ನಗಿರಿ ಬೋರೆಗೆ ಹತ್ತಿ ಹೋಗಿ ಕೂರುತ್ತಾಳೆ. ನಾನು ವಿಜಯನಗರದಿಂದ ರಾಜಾಜಿನಗರದ ಶಾಲೆಗೆ, ನಾಲ್ಕೈದು ಕಿಲೋಮೀಟರು ದೂರಕ್ಕೆ, ಕಾರ್ಡ್ ರಸ್ತೆಯಲ್ಲಿ ಮುಕ್ಕಾಲು ಗಂಟೆ ಕಳೆಯುತ್ತೇನೆ. ಹೋಗಿ ಬರುವುದಕ್ಕೆ ದಿನಕ್ಕೆ ಒಂದೂವರೆ ಗಂಟೆ. ಮೂವತ್ತು ವರ್ಷಕ್ಕೆ ಅದು ಎಷ್ಟಾಯಿತೆಂದು ಲೆಕ್ಕ ಹಾಕಲು ಕುಳಿತಿದ್ದೆ, ಅರ್ಧಕ್ಕೇ ನಿಲ್ಲಿಸಿದೆ. ಹೊತ್ತು ಉಳಿಯುವುದೇ ಬದುಕಿನ ಗುಣ ಎನ್ನುವುದಾದರೆ ಅಕ್ಕನೇ ಗೆದ್ದವಳು. ಇದನ್ನು ಒಪ್ಪದೆ ಮುಂದಿನ ಮಾತು ಆಡುವುದು ನ್ಯಾಯವಲ್ಲ.

ಸರ್ಕಾರದವರೂ ಒಮ್ಮೆ ಅಳೆದರು. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 111 ನಗರಗಳ ಪಟ್ಟಿಯೊಂದನ್ನು ಹೊರಡಿಸಿತು. ಎಲ್ಲಿ ಸುಲಭವಾಗಿ ಬದುಕಬಹುದು ಎಂಬುದಕ್ಕೆ 49 ಅಳತೆಗೋಲು, ಅದರ ಮೇಲೆ ಜನರ ಅಭಿಪ್ರಾಯಕ್ಕೆ ನೂರಕ್ಕೆ 30 ಅಂಕ. ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ನಮ್ಮ ಬೆಂಗಳೂರೇ ಮೊದಲು! ಆ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಎದ್ದ ನಗು ಈಗಲೂ ಕಿವಿಯಲ್ಲಿದೆ. ಕೆಂಗೇರಿಯಿಂದ ಬರುವ ನಮ್ಮ ಹಿಂದಿ ಟೀಚರಿಗೆ ವೃಷಭಾವತಿಯ ವಾಸನೆ ಇಲ್ಲದೆ ಬೆಳಗಾಗುವುದಿಲ್ಲ. ಅವರು ಮೂಗಿಗೆ ಸೆರಗು ಹಿಡಿದು ಚಪ್ಪಾಳೆ ತಟ್ಟಿದರು. ಹತ್ತು ಲಕ್ಷದೊಳಗಿನ ನಗರಗಳಲ್ಲಿ ಶಿಮ್ಲಾ ಮೊದಲು, ನಮ್ಮ ದಾವಣಗೆರೆ ಒಂಬತ್ತನೆಯದು. ಚಿಕ್ಕಮಗಳೂರಿನ ಹೆಸರಿರಲಿಲ್ಲ. ಪಟ್ಟಿಗೆ ತೆಗೆದುಕೊಂಡದ್ದು ಸ್ಮಾರ್ಟ್ ಸಿಟಿ ಯೋಜನೆಯ ಊರುಗಳನ್ನೂ ದೊಡ್ಡ ನಗರಗಳನ್ನೂ ಮಾತ್ರ. ಲಕ್ಷ ಚಿಲ್ಲರೆ ಜನರ ಜಿಲ್ಲಾಕೇಂದ್ರವನ್ನು ಕೇಳುವವರಿಲ್ಲ.

ಶಿಮ್ಲಾ ಮೊದಲು ಬಂದದ್ದನ್ನು ನಮ್ಮ ಮನೆಯವರು ಗುರುತು ಹಾಕಿ ಇಟ್ಟುಕೊಂಡಿದ್ದಾರೆ. ‘ನೋಡು, ಬೆಟ್ಟದ ಊರು’ ಎಂದರು. ನಾನು 2018ರ ಮೇ ತಿಂಗಳನ್ನು ನೆನಪಿಸಿದೆ. ಅದೇ ಶಿಮ್ಲಾದಲ್ಲಿ ದಿನಗಟ್ಟಲೆ ನೀರಿಲ್ಲದೆ ಜನ ಬಿಂದಿಗೆ ಬಕೆಟ್ಟು ಹಿಡಿದು ಬೀದಿಗೆ ಬಂದಿದ್ದರು. ಪ್ರವಾಸಿಗರೇ, ದಯವಿಟ್ಟು ಈಗ ಬರಬೇಡಿ ಎಂದು ಊರಿನವರೇ ಬೇಡಿಕೊಂಡಿದ್ದರು. ಬಂದವರ ಹೋಟೆಲಿನಲ್ಲಿ ನೀರು, ಇದ್ದವರ ಮನೆಯಲ್ಲಿ ಇಲ್ಲ. ಬೆಟ್ಟದ ಊರಿನ ಕಷ್ಟ ಬಹುಮಟ್ಟಿಗೆ ಹೀಗೆಯೇ ಇರುತ್ತದೆ.

ಚಿಕ್ಕಮಗಳೂರಿನ ನೀರಿನ ಕಥೆ ಅಷ್ಟು ಕೆಟ್ಟದ್ದಲ್ಲ, ಆದರೆ ಸ್ವಾರಸ್ಯದ್ದು. ಊರಿಗೆ ನೀರು ಬರುವುದು ಹಿರೇಕೊಳಲೆ ಕೆರೆಯಿಂದ ಮತ್ತು ಬೇಲೂರಿನ ಹತ್ತಿರದ ಯಗಚಿ ಅಣೆಕಟ್ಟಿನಿಂದ. ಯಗಚಿ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಊರನ್ನು ದಾಟಿ ಕೆಳಗೆ ಇಳಿದ ಹೊಳೆಯನ್ನು ಮತ್ತೆ ಪಂಪು ಹಾಕಿ ಮೇಲಕ್ಕೆ ತರಬೇಕು. ನಾವಾದರೂ ಏನು, ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಏರಿಸಿದ ಕಾವೇರಿಯನ್ನು ಕುಡಿಯುವವರು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ಬುಡದಲ್ಲಿದ್ದರೂ ನಲ್ಲಿಗೆ ಕಾಯುವುದು ತಪ್ಪಿದ್ದಲ್ಲ.

ಆ ಬೆಟ್ಟಕ್ಕೆ ಈಗ ವಾರಕ್ಕೊಮ್ಮೆ ಬೆಂಗಳೂರು ಇಡಿಯಾಗಿ ಹೋಗಿ ಬರುತ್ತದೆ. 2022ರಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಅರಳಿದಾಗ ಕೈಮರದ ಚೆಕ್‌ಪೋಸ್ಟಿನ ಹತ್ತಿರ ಕಾರುಗಳ ಸಾಲು ಕರಗಲೇ ಇಲ್ಲ. ಹೂವು ನೋಡಬೇಕೆಂದು ಹೋದ ನಾವೂ ಆ ಸಾಲಿನಲ್ಲಿದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಕೊನೆಗೆ 2025ರಲ್ಲಿ, ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಂಡ ಇಷ್ಟೇ ವಾಹನಗಳು ಎಂದು ಮಿತಿ ಹಾಕಬೇಕಾಯಿತು. ಶನಿವಾರ ಭಾನುವಾರ ಅಕ್ಕ ಐ.ಜಿ. ರಸ್ತೆಯನ್ನು ದಾಟುವ ಗೋಜಿಗೇ ಹೋಗುವುದಿಲ್ಲ. ಬಾಳೆಹಣ್ಣನ್ನು ಶುಕ್ರವಾರವೇ ತಂದಿಡುತ್ತಾಳೆ.

ಇನ್ನು ಆಸ್ಪತ್ರೆಯ ಮಾತು. ಕೆಲವು ವರ್ಷದ ಹಿಂದೆ ಜುಲೈ ತಿಂಗಳ ಒಂದು ರಾತ್ರಿ ಭಾವನಿಗೆ ಎದೆನೋವು ಬಂತು. ಹತ್ತು ನಿಮಿಷದಲ್ಲಿ ಒಂದು ಆಸ್ಪತ್ರೆಗೆ ಸೇರಿಸಿದರು. ಸಣ್ಣ ಊರಿನ ಗುಣ ಅಲ್ಲಿಯವರೆಗೆ ಕೈಹಿಡಿಯಿತು. ಪಕ್ಕದ ಮನೆಯವರು ರಾತ್ರಿಯುಡುಪಿನಲ್ಲೇ ಓಡಿ ಬಂದು ಕಾರು ತೆಗೆದಿದ್ದರು. ನಮ್ಮ ಬೀದಿಯಲ್ಲಿ ಹಾಗೆ ಬರುವವರು ಎಷ್ಟು ಮಂದಿ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಅಲ್ಲಿನ ವೈದ್ಯರು ನೋಡಿ, ಇಲ್ಲಿ ಆಗುವುದಿಲ್ಲ, ಹಾಸನಕ್ಕೆ ಕರೆದುಕೊಂಡು ಹೋಗಿ ಎಂದರು. ಅರವತ್ತು ಕಿಲೋಮೀಟರು, ಮಳೆ, ಕತ್ತಲೆ. ಆಂಬುಲೆನ್ಸಿನಲ್ಲಿ ಭಾವನ ಕೈ ಹಿಡಿದು ಕೂತಿದ್ದ ಅಕ್ಕ ನನಗೆ ಫೋನ್ ಮಾಡಿ ಮಾತೇ ಆಡಲಿಲ್ಲ. ವೈಪರಿನ ಸದ್ದು ಕೇಳುತ್ತಿತ್ತು. ಭಾವ ಉಳಿದರು, ಈಗ ಚೆನ್ನಾಗಿದ್ದಾರೆ. ಊರಿಗೆ ಈಚೆಗೆ ವೈದ್ಯಕೀಯ ಕಾಲೇಜೂ ಬಂದಿದೆ. ಮುಂದಿನವರಿಗೆ ಆ ರಾತ್ರಿಯ ದಾರಿ ತಪ್ಪಲಿ. ಆದರೆ ‘ಶುದ್ಧ ಗಾಳಿ, ಆರೋಗ್ಯಕರ ಬದುಕು’ ಎಂಬ ಶೀರ್ಷಿಕೆಯನ್ನು ನಮ್ಮವರ ಫೈಲಿನಲ್ಲಿ ಕಂಡಾಗಲೆಲ್ಲ ನನಗೆ ಆ ವೈಪರಿನ ಸದ್ದೇ ನೆನಪಾಗುತ್ತದೆ. ಅರವತ್ತು ದಾಟಿದವರು ನೆಲೆಸಲೆಂದು ಹುಡುಕುವ ಊರಿನಲ್ಲಿ ಮೊದಲು ಕೇಳಬೇಕಾದ್ದು ಗಾಳಿಯನ್ನೋ, ರಾತ್ರಿ ಎರಡು ಗಂಟೆಗೆ ಸಿಗುವ ಹೃದಯದ ವೈದ್ಯರನ್ನೋ?

ಊರಿನ ಹೆಸರಿಗೆ ಬರುತ್ತೇನೆ. ಸಖರಾಯಪಟ್ಟಣದ ಪಾಳೆಯಗಾರ ರುಕ್ಮಾಂಗದ ತನ್ನ ಕಿರಿಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಮಗಳಿಗೆ ಕೊಟ್ಟದ್ದು ಪಕ್ಕದ ಹಿರೇಮಗಳೂರು ಎಂದು ಐತಿಹ್ಯ. ಹಿರಿಯವಳ ಊರನ್ನು ಕಿರಿಯವಳ ಊರು ಈಗ ತನ್ನೊಳಗೇ ಸೇರಿಸಿಕೊಂಡಿದೆ, ಎಷ್ಟೋ ಮನೆಗಳಲ್ಲಿ ನಡೆಯುವ ಹಾಗೆ. ಮಗಳು ಪರರ ಮನೆಯವಳು ಎನ್ನುತ್ತಿದ್ದ ಕಾಲದಲ್ಲಿ ಮಗಳ ಹೆಸರಿಗೆ ಒಂದು ಊರು ಇತ್ತೆಂಬುದು ನನಗೆ ಬಹಳ ಇಷ್ಟದ ಸಂಗತಿ. ಮಕ್ಕಳಿಗೆ ಈ ಕಥೆ ಹೇಳುವಾಗ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಆದರೆ ಆ ಊರಿನ ಕಿರಿಮಗಳು ಈಗ ಎಲ್ಲಿದ್ದಾಳೆ? ಬೇರೆಯವರ ಮಾತು ಬೇಡ, ನಮ್ಮಕ್ಕನ ಕಿರಿಮಗಳು ವಿಜಯನಗರದಲ್ಲಿ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿದ್ದಾಳೆ. ಎಂ.ಎಸ್ಸಿ. ಮಾಡಿದವಳು, ಇಲ್ಲಿ ಕೆಲಸ, ಮೆಟ್ರೋದಲ್ಲಿ ಓಡಾಟ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನರಿದ್ದರು. 2011ರಲ್ಲಿ 11,37,961. ಆ ಹತ್ತು ವರ್ಷದಲ್ಲಿ ಇಡೀ ಕರ್ನಾಟಕದಲ್ಲಿ ಜನಸಂಖ್ಯೆ ಇಳಿದ ಜಿಲ್ಲೆ ಇದೊಂದೇ. ರಾಜ್ಯದ ಜನ ನೂರಕ್ಕೆ ಹದಿನೈದರಷ್ಟು ಹೆಚ್ಚಿದ ಕಾಲ ಅದು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋದದ್ದರಿಂದ ನಮ್ಮ ಕೈಯಲ್ಲಿರುವುದು ಇದೇ ಲೆಕ್ಕ. ಪಟ್ಟಣ ತುಸು ಬೆಳೆದಿದೆ, ಸುತ್ತಲಿನ ಹಳ್ಳಿಗಳು ಬರಿದಾಗಿವೆ. ಮಕ್ಕಳು ಕಡಿಮೆ ಹುಟ್ಟಿದ್ದೂ ಒಂದು ಕಾರಣ, ಹುಟ್ಟಿದವರು ಹೊರಟದ್ದು ಇನ್ನೊಂದು. ಬದುಕಿನ ಗುಣಮಟ್ಟಕ್ಕೆ ಹೆಸರಾದ ಜಿಲ್ಲೆಯನ್ನು ಅಲ್ಲೇ ಹುಟ್ಟಿದವರು ಬಿಟ್ಟು ಬರುತ್ತಾರೆ, ಅಲ್ಲಿ ಹುಟ್ಟದವರು ಮನೆ ಕಟ್ಟಲು ಹೋಗುತ್ತಾರೆ. ಪುರವಣಿಯ ಲೇಖನಗಳಲ್ಲಿ ಈ ಲೆಕ್ಕವನ್ನು ನಾನು ಒಂದು ಕಡೆಯೂ ಕಾಣಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಅವಳನ್ನೇ ಕೇಳಿದೆ, ಅಲ್ಲೇ ಕೆಲಸ ಸಿಕ್ಕರೆ ಹೋಗುತ್ತೀಯಾ ಎಂದು.

‘ಸಿಕ್ಕರೆ ತಾನೇ ಚಿಕ್ಕಮ್ಮ’ ಎಂದಳು. ಆಮೇಲೆ ತಟ್ಟೆ ನೋಡುತ್ತಾ, ‘ಸಿಕ್ಕಿದ್ರೂ ಯೋಚನೆ ಮಾಡ್ತೀನಿ. ಅಲ್ಲಿ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದ್ರೆ ಬೆಳಗ್ಗೆ ಹಾಲಿನವನ ಜೊತೆ ಸುದ್ದೀನೂ ಅಮ್ಮನಿಗೆ ಬಂದಿರುತ್ತೆ. ಇಲ್ಲಿ ನಾನು ಯಾರ ಮಗಳೂ ಅಲ್ಲ. ಅದೊಂಥರಾ ಹಾಯಾಗಿರುತ್ತೆ’ ಎಂದಳು.

ನಮ್ಮ ಮನೆಯವರಿಗೆ ಈ ಮಾತು ಹಿಡಿಸಲಿಲ್ಲ. ನನಗೆ ಹಿಡಿಸಿತು ಎಂದೂ ಹೇಳಲಾರೆ, ಅರ್ಥವಾಯಿತು. ‘ಎಲ್ಲಿಗೆ ಹೊರಟಿರಿ?’ ಎಂದು ಬೀದಿಯುದ್ದಕ್ಕೂ ಕೇಳುವವರಿದ್ದರೆ ಭಾವನಿಗೆ ಎದೆನೋವು ಬಂದ ರಾತ್ರಿ ಅದು ದೊಡ್ಡ ಆಸರೆ. ಇಪ್ಪತ್ತಾರು ವರ್ಷದ ಹುಡುಗಿಗೆ ಅದೇ ಪ್ರಶ್ನೆ ಪ್ರತಿದಿನ ಕೊಡಬೇಕಾದ ಲೆಕ್ಕ. ಕೇಳುವ ಬಾಯಿ ಒಂದೇ, ಓಡಿ ಬರುವ ಕಾಲೂ ಅದೇ. ಹಂಪಿನಗರದ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆ ಒಬ್ಬಳೇ ಕೂತು ಓದುತ್ತೇನೆ. ಯಾಕೆ ಒಬ್ಬಳೇ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಈ ಸುಖಕ್ಕೆ 49 ಅಳತೆಗೋಲಿನಲ್ಲಿ ಎಲ್ಲಾದರೂ ಜಾಗವಿತ್ತೇ?

ಶುಕ್ರವಾರ ರಾತ್ರಿ ಅವಳನ್ನು ಬಸ್ಸು ಹತ್ತಿಸಲು ಕೆಲವೊಮ್ಮೆ ಮೆಜೆಸ್ಟಿಕ್ಕಿಗೆ ಹೋಗುತ್ತೇನೆ. ಚಿಕ್ಕಮಗಳೂರಿನ ಬಸ್ಸಿಗೆ ಕಾಯುವವರಲ್ಲಿ ಎರಡು ಬಗೆ. ಬೆನ್ನಿಗೆ ದೊಡ್ಡ ಚೀಲ, ಕಾಲಿಗೆ ಬೆಟ್ಟ ಹತ್ತುವ ಬೂಟು ಹಾಕಿದ ಹುಡುಗ ಹುಡುಗಿಯರು ನಗುತ್ತಾ ನಿಂತಿರುತ್ತಾರೆ. ಅವರ ಪಕ್ಕದಲ್ಲೇ ಆಫೀಸಿನ ಗುರುತಿನ ಚೀಟಿಯನ್ನು ಇನ್ನೂ ಕೊರಳಿನಿಂದ ತೆಗೆಯದ ಹೆಣ್ಣುಮಕ್ಕಳು, ಕೈಯಲ್ಲಿ ಅಮ್ಮನಿಗೆಂದು ಕೊಂಡ ಮಾತ್ರೆಯ ಪೊಟ್ಟಣ. ಒಂದೇ ಬಸ್ಸು, ಒಂದೇ ಊರು. ಭಾನುವಾರ ರಾತ್ರಿ ಎಲ್ಲರೂ ಹಿಂದಕ್ಕೆ. ‘ಎಷ್ಟು ಚೆನ್ನಾಗಿದೆಯಲ್ಲ ನಿಮ್ಮೂರು, ನೀವು ಪುಣ್ಯವಂತರು’ ಎಂದು ಪಕ್ಕದ ಸೀಟಿನವರು ಅವಳಿಗೆ ಹೇಳುತ್ತಾರಂತೆ. ಅವಳು ಹೂಂ ಎಂದು ಕಣ್ಣು ಮುಚ್ಚುತ್ತಾಳಂತೆ, ಸೋಮವಾರ ಒಂಬತ್ತಕ್ಕೆ ಕೆಲಸಕ್ಕೆ ಹೋಗಬೇಕಲ್ಲ.

ಇಷ್ಟೆಲ್ಲ ಹೇಳಿ ಕಾಫಿ ತೋಟದವರ ಮಾತು ಬಿಟ್ಟರೆ ನನ್ನ ಬರಹವೂ ಪುರವಣಿಯ ಬರಹವೇ. ಬಾಬಾಬುಡನ್ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಬೀಜ ಬೆಳೆದು ಹಣ್ಣಾದಾಗ ಕುಯ್ಯುವ ಕೈಗಳು ಯಾರವು ಎಂದು ಕೇಳಿದವರು ಕಡಿಮೆ. ಒಂದು ಕಾಲಕ್ಕೆ ತಮಿಳುನಾಡಿನಿಂದ ಬಂದವರು, ಈಗ ಅಸ್ಸಾಮಿನಿಂದಲೂ ಬರುತ್ತಾರೆ. ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ವಾಸ. 1951ರ ತೋಟ ಕಾರ್ಮಿಕರ ಕಾಯಿದೆ ಅವರಿಗೆ ಮನೆ, ಚಿಕಿತ್ಸೆ, ಕೂಸುಗಳಿಗೆ ಶಿಶುಪಾಲನಾ ಕೇಂದ್ರ ಕೊಡಬೇಕೆಂದು ಹೇಳಿತು. ಅಕ್ಕನ ಜೊತೆ ಪರಿಚಯದವರ ತೋಟಕ್ಕೆ ಹೋಗಿದ್ದಾಗ ಒಬ್ಬ ಹೆಂಗಸು ಬೆನ್ನಿಗೆ ಕೂಸು ಕಟ್ಟಿಕೊಂಡು ಕುಯ್ಯುತ್ತಿದ್ದಳು. ಮಂಜು ಬಹಳ ಚೆನ್ನಾಗಿತ್ತು, ನಮ್ಮವರು ಫೋಟೋ ತೆಗೆದರು. ಆ ಹೆಂಗಸು ಮುಖ ಆ ಕಡೆ ತಿರುಗಿಸಿದಳು. ಮನೆಗೆ ಬಂದು ಆ ಫೋಟೋವನ್ನು ನಾನೇ ಅಳಿಸಿದೆ.

ಒಂದು ಒಳ್ಳೆಯ ಬದಲಾವಣೆಯನ್ನು ಬರೆಯದಿದ್ದರೆ ಅಕ್ಕ ಕೋಪಿಸಿಕೊಂಡಾಳು. 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಾದ ಮೇಲೆ ಅವಳು ಮೂವತ್ತು ವರ್ಷ ನೋಡದ ಜಿಲ್ಲೆಯನ್ನು ನೋಡಿದಳು. ಶೃಂಗೇರಿ, ಹೊರನಾಡು, ಅಯ್ಯನಕೆರೆ. ಗೆಳತಿಯರ ಜೊತೆ, ಪುಳಿಯೋಗರೆ ಕಟ್ಟಿಕೊಂಡು, ಗಂಡಸರನ್ನು ಕೇಳದೆ. ಮನೆಯ ಖರ್ಚಿನಿಂದ ಕದ್ದು ಉಳಿಸಬೇಕಾಗಿಲ್ಲ. ‘ಈ ಬೆಟ್ಟ ಇಲ್ಲೇ ಇತ್ತು ಕಣೇ, ನಾನು ಅದರ ಹತ್ತಿರ ಹೋದದ್ದು ಈಗ’ ಎಂದಳು. ತಪ್ಪಲಿನ ಊರಿನಲ್ಲಿ ಮೂರು ದಶಕ ಸಂಸಾರ ಮಾಡಿದವಳ ಮಾತು ಇದು. ಇದನ್ನು ಕೇಳಿದ ದಿನ ನಾನು ಫೈಲಿನ ಲೇಖನಗಳನ್ನೆಲ್ಲ ಅದರಲ್ಲೇ ಮುಚ್ಚಿಟ್ಟೆ.

ನಿವೇಶನದ ದಲ್ಲಾಳಿ ಇನ್ನೂ ಫೋನ್ ಮಾಡುತ್ತಿದ್ದಾನೆ. ಮುಂಗಡ ಕೊಟ್ಟಿಲ್ಲ. ಹೋಗುವುದೇ ಬೇಡ ಎಂದು ನಾನು ಹೇಳಿಲ್ಲ, ಕಾರ್ಡ್ ರಸ್ತೆಯಲ್ಲಿ ನಿಂತ ಬಸ್ಸಿನಲ್ಲಿ ಕೂತಾಗ ಹೋಗಿಯೇ ಬಿಡೋಣ ಎನ್ನಿಸುವುದೂ ಉಂಟು. ಕಳೆದ ವಾರ ಅಕ್ಕನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ, ಬರಲೋ ಬೇಡವೋ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಬಾರೇ, ನನಗೂ ಯಾರಿದ್ದಾರೆ’ ಎಂದಳು. ‘ಆದ್ರೆ ಬೆಟ್ಟ ಕಾಣೋ ಕಡೆ ಸೈಟು ಬೇಡ. ಬಸ್‌ಸ್ಟ್ಯಾಂಡಿಗೆ ನಡ್ಕೊಂಡು ಹೋಗೋ ಹಾಗಿರ್ಬೇಕು. ಹಿಂದ್ಗಡೆ ಬಟ್ಟೆ ಒಣಗಿಸೋಕೆ ಶೀಟ್ ಹಾಕಿದ ಜಾಗ ಇರ್ಬೇಕು. ನಿಮ್ಮೋರಿಗೆ ಹೇಳು.’